ಹಿಂಬಂದವನು

ನಾನು ಮನೆಗೆ ಬಂದಾಗ ನಾನಾಗಲೇ ಊಟಕ್ಕೆ ಕೂತಿದ್ದೆ.

ಬೇರೆ ಊರಿನವರಿಗೆ ಈ ಮಾತು ಹೇಳಿದರೆ ನಗುತ್ತಾರೆ. ನಮ್ಮೂರಲ್ಲಿ ಯಾರೂ ನಗುವುದಿಲ್ಲ. ಕಣಿವೆ ದಾಟಿ ಹೊರಗೆ ಹೋದವರು ಒಮ್ಮೊಮ್ಮೆ ಎರಡು ಸಲ ತಿರುಗಿ ಬರುತ್ತಾರೆ. ಮೊದಲು ಹೊಸಿಲು ದಾಟಿದವರನ್ನು ಮುಂಬಂದವರು ಎನ್ನುತ್ತೇವೆ, ಆಮೇಲೆ ಬಂದವರನ್ನು ಹಿಂಬಂದವರು ಎನ್ನುತ್ತೇವೆ. ಪ್ರತಿ ತಲೆಮಾರಿನಲ್ಲೂ ಊರಲ್ಲಿ ಅಂಥ ಒಂದೆರಡು ಮನೆಗಳಿರುತ್ತವೆ. ಗುಡುಗಿಗೆ ಹೆದರುವ ಹಾಗೆ ಎಲ್ಲರೂ ಅದಕ್ಕೆ ಒಂದಿಷ್ಟು ಹೆದರುತ್ತಾರೆ, ಆದರೆ ಸಿಡಿಲು ತಮ್ಮ ಮನೆಯ ಮೇಲೇ ಬೀಳುತ್ತದೆಂದು ಯಾರೂ ಅಂದುಕೊಳ್ಳುವುದಿಲ್ಲ. ನಾನೂ ಅಂದುಕೊಂಡಿರಲಿಲ್ಲ.

ಆಗ ನನ್ನ ಹೆಸರು ಮರುಳಸಿದ್ದ. ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡುವುದು ನನ್ನ ಕಸುಬು. ಕಣಿವೆಯಾಚೆಯ ಊರಿನಲ್ಲಿ ಒಂದು ಮದುವೆಯ ಅಡುಗೆ ಮುಗಿಸಿ, ಸಟ್ಟುಗ ಜರಡಿಗಳ ಗಂಟು ಹೊತ್ತುಕೊಂಡು ಊರಿಗೆ ಹೊರಟಿದ್ದೆ. ಕಣಿವೆಯ ಬಾಯಲ್ಲಿ ಒಂದು ಅರಳಿಮರವಿದೆ. ಅಲ್ಲಿ ನೀರು ಕುಡಿದು, ಕಾಲುದಾರಿ ಹಿಡಿದು ಗುಡ್ಡ ಹತ್ತಲೋ, ಇಲ್ಲಾ ಗಾಡಿ ಬರುವವರೆಗೆ ಕೂತಿರಲೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಮಂಡಿ ನೋಯುತ್ತಿತ್ತು. ಕೂತೆ. ಗಾಡಿ ತಡವಾಗಿ ಬಂತು. ಊರು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು.

ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ನಡುಮನೆಯಲ್ಲಿ ಒಂದು ಬೆನ್ನು ಕಾಣಿಸಿತು. ತನ್ನ ಬೆನ್ನನ್ನು ಯಾರೂ ನೋಡಿಕೊಂಡಿರುವುದಿಲ್ಲ. ಆದರೂ ಅದು ನನ್ನದೇ ಎಂದು ತಿಳಿದುಹೋಯಿತು. ಅವನ ತೊಡೆಯ ಮೇಲೆ ನಮ್ಮ ಮಗಳು ದಾಕ್ಷಾಯಣಿ ಕೂತಿದ್ದಳು, ಆಗಿನ್ನೂ ಮಾತು ಕಲಿಯುತ್ತಿದ್ದ ಮಗು. ನನ್ನ ಹೆಂಡತಿ ಸರ್ವಮಂಗಳ ಮುದ್ದೆಯ ಮೇಲೆ ಸಾರು ಬಿಡುತ್ತಿದ್ದವಳು ತಲೆಯೆತ್ತಿ ನನ್ನನ್ನು ನೋಡಿ ಹಾಗೇ ನಿಂತುಬಿಟ್ಟಳು.

"ಅಪ್ಪಾ, ಇನ್ನೊಬ್ಬ ಅಪ್ಪ ಬಂದ" ಅಂದಳು ಮಗಳು.

ಅವನು ತಿರುಗಿ ನೋಡಿದ. ಅವನ ಕಣ್ಣಲ್ಲಿ ಕನಿಕರವಿತ್ತು. ಸಿಟ್ಟಿದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಮೊದಲು ಬಂದವನು ನಾನಾಗಿದ್ದರೆ ನಾನೂ ಅವನನ್ನು ಹಾಗೆಯೇ ನೋಡುತ್ತಿದ್ದೆ ಎಂದು ನನಗೆ ಗೊತ್ತಿತ್ತು.

ಸರ್ವಮಂಗಳ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದಿಟ್ಟಳು. "ಮೊದ್ಲು ಊಟ ಆಗ್ಲಿ" ಅಂದಳು. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. ನಾವಿಬ್ಬರೂ ಎದುರುಬದುರು ಕೂತು ಉಂಡೆವು. ಒಂದೇ ಸಲ ಉಪ್ಪಿಗೆ ಕೈಚಾಚಿದೆವು, ಒಂದೇ ಸಲ ಕೈ ಹಿಂದಕ್ಕೆ ತೆಗೆದುಕೊಂಡೆವು. ಅರಳಿಮರದ ಕೆಳಗೆ ಅವನು ಕೂರದೆ ಎದ್ದು ಗುಡ್ಡ ಹತ್ತಿದ್ದನಂತೆ. ಅಲ್ಲಿಯವರೆಗಿನದೆಲ್ಲ ನಮ್ಮಿಬ್ಬರಿಗೂ ಒಂದೇ. ಆ ರಾತ್ರಿ ಇಬ್ಬರೂ ಜಗಲಿಯ ಮೇಲೆ ಮಲಗಿದೆವು. ಸರ್ವಮಂಗಳ ಒಳಗಿನಿಂದ ಅಗುಳಿ ಹಾಕಿಕೊಂಡಳು.

ಬೆಳಗಾದ ಮೇಲೆ ಹಾಲಮ್ಮಜ್ಜಿ ಬಂದಳು. ಇಂಥದ್ದಾದಾಗ ಊರವರು ಕರೆಸುವುದು ಅವಳನ್ನೇ, ಯಾಕೆಂದರೆ ಅವಳೂ ಹಿಂಬಂದವಳು. ಹರೆಯದಲ್ಲಿ ತವರಿಗೆಂದು ಹೋಗಿ ಎರಡು ಸಲ ತಿರುಗಿ ಬಂದಿದ್ದಳು.

"ನಾನೇ ಮರುಳಸಿದ್ದ, ಅಜ್ಜಿ" ಅಂದೆ.

"ಅಲ್ಲ ಅಂದೋರು ಯಾರಪ್ಪ?" ಅಂದಳು.

ಮೊಣಕೈಯ ಹತ್ತಿರದ ಎಣ್ಣೆ ಸುಟ್ಟ ಕಲೆ ತೋರಿಸಿದೆ. ಅವನೂ ತೋಳು ಮಡಚಿ ತೋರಿಸಿದ. ಮದುವೆಯ ಹೊಸದರಲ್ಲಿ ಹೆಂಡತಿಗೆ ಮಾತ್ರ ಹೇಳಿದ ಒಂದು ಮಾತಿದೆ ಎಂದೆ. ಅವನು ತಲೆ ತಗ್ಗಿಸಿ, "ನಂಗೂ ನೆನಪೈತೆ" ಅಂದ. ಸಾಕ್ಷಿಗೆಂದು ನಾನು ಏನನ್ನು ಎತ್ತಿಕೊಂಡರೂ ಅದು ಅವನ ಕೈಯಲ್ಲೂ ಇರುತ್ತಿತ್ತು. ಕೊನೆಗೆ ಸೋತು, "ಹಂಗಾದ್ರೆ ನಿಜವಾದೋನು ಯಾರು, ಅದನ್ನ ಹೇಳು" ಅಂದೆ.

"ಇಬ್ರೂ ನಿಜಾನೇ ಕಣಪ್ಪ. ಮನೆ ಒಂದೇ ಇರೋದು, ಅದೇ ತಾಪತ್ರಯ."

ಹಿಂದೆ ಯಾವುದೋ ಕಾಲದಲ್ಲಿ ಒಬ್ಬ ಮುಂಬಂದವನೂ ಅವನ ಹಿಂಬಂದವನೂ ಹೊಸಿಲ ಮೇಲೆ ಹೊಡೆದಾಡಿ ಒಬ್ಬ ಸತ್ತನಂತೆ. ಕೊಂದವನು ಯಾರು, ಸತ್ತವನು ಯಾರು ಎಂದು ಹೇಳಲಾಗದೆ ಊರು ಕಂಗೆಟ್ಟಿತಂತೆ. ಆಮೇಲೆ ಹಿರಿಯರು ಒಂದು ಕಟ್ಟಳೆ ಮಾಡಿದರು. ಮೊದಲು ಹೊಸಿಲು ದಾಟಿದವರಿಗೆ ಮನೆ, ಸಂಸಾರ, ಹೆಸರು. ಆಮೇಲೆ ಬಂದವರಿಗೆ ಹೊಸ ಹೆಸರು, ತೊರೆಯಾಚೆ ಊರೇ ಕಟ್ಟಿಕೊಡುವ ಒಂದು ಮನೆ. ಹಿಂಬಂದವರನ್ನು ಸುಳ್ಳರೆಂದು ಯಾರೂ ಅನ್ನಕೂಡದು, ಒಡಹುಟ್ಟಿದವರೆಂದು ತಿಳಿಯಬೇಕು. "ಇದು ನ್ಯಾಯ ಅಂತ ಮಾಡಿದ್ದಲ್ಲ ಮಗ, ಜಗಳ ಬ್ಯಾಡ ಅಂತ ಮಾಡಿದ್ದು" ಅಂದಳು ಹಾಲಮ್ಮಜ್ಜಿ. ಹೇಳುವಾಗ ನನ್ನ ಭುಜದ ಮೇಲೆ ಕೈಯಿಟ್ಟಿದ್ದಳು.

ಹೊಸ ಹೆಸರಿಡುವುದು ತಾಯಿಯ ಕೆಲಸ. ಅವ್ವ ಹಿಂದಿನ ದಿನದಿಂದ ಒಂದು ಮಾತೂ ಆಡದೆ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡುತ್ತ ಕೂತಿದ್ದಳು. ಹತ್ತಿರ ಕರೆದು ನನ್ನ ತಲೆ ಸವರಿದಳು. "ನೀನು ಹುಟ್ಟಿದಾಗ್ಲೇ ನಾನೊಂದು ಹೆಸ್ರು ಮನಸ್ಸಲ್ಲಿ ಇಟ್ಕಂಡಿದ್ದೆ. ಪುರಾಣ ಹೇಳಾಕೆ ಬಂದೋರ ಬಾಯಲ್ಲಿ ಕೇಳಿದ್ದು. ನಿಮ್ಮಪ್ಪ, ಬ್ಯಾಡ, ನಮ್ಮಜ್ಜನ ಹೆಸ್ರೇ ಇಡ್ಬೇಕು ಅಂತ ಹಟ ಹಿಡಿದ. ಇಂದುಧರ ಅಂತ ಆ ಹೆಸ್ರು. ಇಷ್ಟು ವರ್ಷ ಕರೆಯಾಕೆ ಯಾರೂ ಇರ್ಲಿಲ್ಲ. ಈಗ ನೀನು ಬಂದೆ" ಅಂದಳು. ನಾನು ಬಂದೆನೆಂದು ಸಂತೋಷಪಟ್ಟವಳು ಅವಳೊಬ್ಬಳೇ.

ತೊರೆಯಾಚೆಯ ಮನೆಯ ಗೋಡೆ ಎಬ್ಬಿಸಲು ಮರುಳಸಿದ್ದನೂ ಬಂದ. ಅವನನ್ನು ಆ ಹೆಸರಿನಿಂದ ಕರೆಯಲು ನನ್ನ ನಾಲಿಗೆ ಏಳುತ್ತಿರಲಿಲ್ಲ, "ಲೋ" ಎನ್ನುತ್ತಿದ್ದೆ. ಮಣ್ಣಿನ ಉಂಡೆಯನ್ನು ಕೈಯಿಂದ ಕೈಗೆ ದಾಟಿಸುವಾಗ ನಮಗೆ ಮಾತೇ ಬೇಕಾಗುತ್ತಿರಲಿಲ್ಲ. ಜೋಡೆತ್ತು ನೋಡಿದ ಹಾಗಾಗುತ್ತದೆ ಎಂದು ಜನ ನಿಂತು ನೋಡುತ್ತಿದ್ದರು. ಕೆಲಸ ಮುಗಿದ ಸಂಜೆ ಅವನು ತೊರೆಯಲ್ಲಿ ಕೈಕಾಲು ತೊಳೆದುಕೊಂಡು ಆ ದಡಕ್ಕೆ ಹೋದ, ನಾನು ಈ ದಡದಲ್ಲಿ ಉಳಿದೆ.

ಮದುವೆಯ ಅಡುಗೆಗಳು ಅವನ ಹೆಸರಿಗೆ ಹೋದವು. ನಾನು ಕಣಿವೆ ದಾರಿಯ ಛತ್ರದಲ್ಲಿ ಯಾತ್ರಿಕರಿಗೆ ಅಡುಗೆ ಮಾಡುವ ಕೆಲಸಕ್ಕೆ ಸೇರಿದೆ. ದೂರದೂರದ ಜನ ಬರುತ್ತಿದ್ದರು. ಒಬ್ಬರಿಗೆ ಖಾರ ಆಗದು, ಇನ್ನೊಬ್ಬರಿಗೆ ಬೆಲ್ಲದ ಚೂರು ಬೀಳದೆ ಸಾರು ಇಳಿಯದು. ಎಲ್ಲರಿಗೂ ಒಗ್ಗುವಂತೆ ಮಾಡುತ್ತಾ ಹೋದೆ. ಅವ್ವ ಆಗಾಗ ನನ್ನ ಮನೆಗೆ ಬಂದು ಉಂಡು ಹೋಗುತ್ತಿದ್ದಳು. ಒಂದು ದಿನ ಸಾರು ಕುಡಿದು, "ನಿನ್ನ ಕೈರುಚಿ ಬ್ಯಾರೆ ಆಗ್ತಾ ಐತೆ ಮಗ" ಅಂದಳು. ಕೇಳಿ ಬೆಚ್ಚಿದೆ. ಮಾರನೆಯ ದಿನ ಹಠ ಹಿಡಿದು ಹಳೆಯ ರೀತಿಯಲ್ಲೇ ಸಾರು ಮಾಡಲು ನಿಂತೆ. ಹಳೆಯ ರೀತಿ ಯಾವುದೆಂದು ಯೋಚಿಸಬೇಕಾಯಿತು. ಹಾಗೆ ಯೋಚಿಸಬೇಕಾಗಿ ಬಂದಾಗಲೇ ಅದು ನನ್ನ ಕೈಬಿಟ್ಟಿತ್ತು.

ಮಗಳು ಬೇಗ ಕಲಿತಳು. ಪೇಟೆಯಲ್ಲಿ ಅಮ್ಮನ ಸೆರಗು ಹಿಡಿದುಕೊಂಡು ಹೋಗುತ್ತಿದ್ದವಳು ನನ್ನನ್ನು ಕಂಡು, "ಅಮ್ಮಾ, ಚಿಕ್ಕಪ್ಪ" ಎಂದು ಕೈಬೀಸಿದಳು. ಸರ್ವಮಂಗಳ ತಲೆ ಬಾಗಿಸಿ ಮುಂದೆ ನಡೆದಳು. ಅವಳನ್ನು ನಾನು ಅತ್ತಿಗೆ ಎನ್ನಬೇಕಿತ್ತು. ಅನ್ನಲಾರದೆ ಅವಳೆದುರು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದೆ.

ಆ ದಿನಗಳಲ್ಲಿ ನನ್ನನ್ನು ಸುಟ್ಟದ್ದು ಏನೆಂದು ಹೇಳುವುದು ಕಷ್ಟ. ಮನೆ ಹೋದದ್ದು, ಹೆಂಡತಿ ಮಗಳು ದೂರವಾದದ್ದು ನೋವೇ. ಆದರೆ ಅಂಥ ನೋವು ಊರಲ್ಲಿ ಬೇರೆಯವರಿಗೂ ಇತ್ತು. ಸತ್ತವರನ್ನು ಮನೆಯವರು ನೆನೆಯುತ್ತಾರೆ. ದೇಶಾಂತರ ಹೋದವರ ದಾರಿ ಕಾಯುತ್ತಾರೆ. ನನ್ನನ್ನು ಯಾರೂ ಕಳೆದುಕೊಂಡೇ ಇರಲಿಲ್ಲ. ಸರ್ವಮಂಗಳಳ ಗಂಡ ಸುಖವಾಗಿ ಮನೆ ಸೇರಿದ್ದ. ದಾಕ್ಷಿಯ ಅಪ್ಪ ಅವಳಿಗೆ ತಲೆ ಬಾಚುತ್ತಿದ್ದ. ನಾನಿಲ್ಲವೆಂದು ಯಾವ ಮನೆಯಲ್ಲೂ ಒಂದು ಮಣೆ ಖಾಲಿಯಿರಲಿಲ್ಲ. ಅದರ ಮೇಲೆ ನಾನೇ ಕೂತಿದ್ದೆ. ನಾನು ಕಣಿವೆಯಲ್ಲೇ ಬಿದ್ದು ಸತ್ತಿದ್ದರೂ ಲೋಕದಲ್ಲಿ ಏನೂ ಕಡಿಮೆಯಾಗುತ್ತಿರಲಿಲ್ಲವಲ್ಲ ಎಂಬ ಯೋಚನೆ ಒಲೆಯ ಮುಂದೆ ಕೂತಾಗೆಲ್ಲ ಬರುತ್ತಿತ್ತು.

ವರ್ಷ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಮರುಳಸಿದ್ದ ಛತ್ರದ ಅಡುಗೆಮನೆಗೆ ಬಂದ. ನಾನು ಕೊಪ್ಪರಿಗೆ ತಿಕ್ಕುತ್ತಿದ್ದೆ. ಅವನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೂದಿ ಹಚ್ಚಿ ತಿಕ್ಕತೊಡಗಿದ.

"ಅವತ್ತು ನಂಗೂ ಮಂಡಿ ನೋಯ್ತಿತ್ತು ಕಣೋ" ಅಂದ. "ಯಾಕೋ ಎದ್ದೆ. ಅವಳ ಮ್ಯಾಲೆ ನಿನಗಿಂತ ಪ್ರೀತಿ ಜಾಸ್ತಿ ಅಂತ ಎದ್ದಿದ್ದಲ್ಲ. ಮಗು ನೆನಪಾಯ್ತು ಅಂತಾನೂ ಅಲ್ಲ. ಸುಮ್ನೆ ಎದ್ದೆ, ಅಷ್ಟೇಯ. ಅಷ್ಟಕ್ಕೆ ನಂಗೆ ಎಲ್ಲಾ ಬಂತು, ನಿಂಗೆ ಏನೂ ಬರ್ಲಿಲ್ಲ. ಊಟ ಗಂಟಲಲ್ಲಿ ಇಳಿಯಲ್ಲ ಒಂದೊಂದು ದಿನ."

ನಾನು ಕೊಪ್ಪರಿಗೆಯನ್ನು ಅವನ ಕಡೆಗೆ ವಾಲಿಸಿದೆ.

"ಒಂದು ದಿನ ನೀನು ಹೋಗು. ನಾನು ಇಲ್ಲಿ ಅಡುಗೆ ನೋಡ್ಕಂತೀನಿ. ಯಾರಿಗೂ ಗೊತ್ತಾಗಲ್ಲ. ಒಗ್ಗಿದ್ರೆ ಆಮೇಲೆ ತಿಂಗಳಿಗೊಂದು ಸಲನೋ ಎರಡು ಸಲನೋ..."

ಅದೇ ಯೋಚನೆ ನನ್ನ ತಲೆಯಲ್ಲೂ ಬಹಳ ದಿನದಿಂದ ಇತ್ತು. ಅವನಿಗೂ ಅದು ಗೊತ್ತಿದ್ದಿರಬೇಕು. ಇಬ್ಬರೂ ಕೂತು ಮನೆಯ ಒಂದು ವರ್ಷದ ಸುದ್ದಿಯನ್ನೆಲ್ಲ ಬಾಯಿಪಾಠ ಮಾಡಿದೆವು. ಅಕ್ಕಿಯ ಗುಡಾಣ ಎಲ್ಲಿಗೆ ಹೋಗಿದೆ, ಮಗಳಿಗೆ ಯಾವ ಹಾಡು ಹೇಳಿದರೆ ನಿದ್ದೆ ಬರುತ್ತದೆ, ಪಕ್ಕದ ಮನೆಯವರ ಜೊತೆ ಯಾಕೆ ಮಾತು ನಿಂತಿದೆ, ಎಲ್ಲ ಹೇಳಿಕೊಟ್ಟ. ಅಂಗಿ ಬದಲಾಯಿಸಿಕೊಂಡೆವು.

ಮಾರನೆಯ ದಿನ ಊಟದ ಹೊತ್ತಿಗೆ ಹೋದೆ. ಮಗಳು ಪಕ್ಕದ ಓಣಿಯಲ್ಲಿ ಆಡಲು ಹೋಗಿದ್ದಳು. ಅವ್ವ ಒಳಗೆ ಮಲಗಿದ್ದಳು. ಸರ್ವಮಂಗಳ ಹಿತ್ತಿಲ ಬಾಗಿಲಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. "ಬೇಗ ಬಂದ್ರಲ್ಲ" ಅಂದಳು. "ಕೆಲ್ಸ ಮುಗೀತು" ಅಂದೆ. ಗೋಡೆಗೊರಗಿ ಕೂತೆ. ಅವಳು ಏನೇನೋ ಹೇಳಿದಳು, ನಾನು ಕಲಿತಂತೆ ಉತ್ತರ ಕೊಟ್ಟೆ. ಒಂದೂ ತಪ್ಪಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೇಳೆಯ ಮೇಲೆ ಓಡಾಡುತ್ತಿದ್ದ ಅವಳ ಬೆರಳು ನಿಂತಿತು.

"ಇಂದುಧರಪ್ಪ, ಅವರೆಲ್ಲಿ?" ಅಂದಳು ತಲೆಯೆತ್ತದೆ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೆಂಗೆ ಗೊತ್ತಾಯ್ತು?" ಅಂದೆ.

"ಬಂದಾಗಿಂದ ನನ್ನೇ ನೋಡ್ತಿದ್ದೀರಿ. ದಿನಾ ಮನೇಲಿರೋ ಗಂಡ ಹೆಂಡ್ತೀನ ಹಂಗೆ ನೋಡ್ತಾನಾ?"

ಮೊರವನ್ನು ಪಕ್ಕಕ್ಕಿಟ್ಟಳು. "ಇದು ಯಾರ ಯೋಚನೆ?"

"ಇಬ್ರದೂ."

"ಹೂಂ, ಇಬ್ರಿಗೂ ಒಂದೇ ಬುದ್ಧಿ. ಇವಳನ್ನ ಒಂದು ಮಾತು ಕೇಳಣ ಅಂತ ಇಬ್ರಲ್ಲಿ ಒಬ್ರಿಗಾದ್ರೂ ಅನ್ನಿಸ್ಲಿಲ್ವಾ?" ಅವಳ ದನಿ ಏರಲಿಲ್ಲ, ಅತ್ತೆ ಒಳಗಿದ್ದಳು. "ನೀವು ಎರಡು ಸಲ ಬಂದ್ರಿ. ನಾನು ಇರೋದು ಒಬ್ಳೇ. ಅವತ್ತು ಯಾರ ಮುಖ ನೋಡ್ಲಿ ಅಂತ ತಿಳೀದೆ ನೆಲ ನೋಡ್ಕಂಡು ಬಡಿಸ್ದೆ. ಹಾಲಮ್ಮಜ್ಜಿ ಬಂದು ನಿಮ್ಮಿಬ್ರನ್ನೂ ಮಾತಾಡ್ಸಿ ಹೋದ್ಳು, ನಿನಗೇನನ್ನಿಸ್ತೈತೆ ಅಂತ ನನ್ನ ಕೇಳ್ಲಿಲ್ಲ. ಇವರು ಗಂಡ, ಅವರು ಮೈದುನ ಅಂತ ಕಲಿಯಾಕೆ ನಾನೆಷ್ಟು ಕಷ್ಟಪಟ್ಟಿದ್ದೀನಿ ಗೊತ್ತಾ? ತೊರೆಯಾಚೆ ಹೊಗೆ ಕಂಡ್ರೆ ಮುಖ ತಿರುಗಿಸ್ಕಂತಿದ್ದೆ. ಅದನ್ನೆಲ್ಲ ಒಂದು ಮಧ್ಯಾಹ್ನದಾಗೆ ಕೆಡಿಸ್ಬ್ಯಾಡಿ. ಹೋಗಿ ಅವರನ್ನ ಕಳಿಸಿ."

ಎದ್ದು ಬಂದೆ. ದಾರಿಯುದ್ದಕ್ಕೂ ನಾಚಿಕೆಯಿಂದ ಮೈ ಕುದಿಯುತ್ತಿತ್ತು. ಆದರೆ ಅದರ ಜೊತೆಗೇ ಇನ್ನೊಂದು ಭಾವವೂ ಇತ್ತು, ಅದಕ್ಕೆ ಹೆಸರು ಸಿಗಲು ಎಷ್ಟೋ ದಿನ ಬೇಕಾಯಿತು. ಆ ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಅವನೆಂದು ತಪ್ಪು ತಿಳಿಯದೆ ನಾನೆಂದು ಗುರುತಿಸಿದ್ದರು.

ಆಮೇಲೆ ಅಂಥದ್ದಕ್ಕೆ ನಾವು ಕೈಹಾಕಲಿಲ್ಲ. ಮರುಳಸಿದ್ದ ನನ್ನ ಹತ್ತಿರ ಬರುತ್ತಿದ್ದ, ಆದರೆ ಮನೆಯ ಸುದ್ದಿ ಹೇಳುವುದನ್ನು ಕಡಿಮೆ ಮಾಡಿದ. ಅವನು ದಪ್ಪಗಾದ. ನಾನು ಛತ್ರದ ಹೊಗೆಗೆ ಕಪ್ಪಿಟ್ಟೆ. ಅವನು ಮಾತಿನ ನಡುವೆ ಮಗಳ ಹಾಗೆ ಮೂಗೇರಿಸುವುದನ್ನು ಕಲಿತಿದ್ದ. ನಾನು ಯಾತ್ರಿಕರಿಂದ ಯಾವ್ಯಾವುದೋ ಸೀಮೆಯ ಗಾದೆಗಳನ್ನು ಕಲಿತಿದ್ದೆ. ಹೊಸಬರು ನಮ್ಮನ್ನು ನೋಡಿ ಅಣ್ಣತಮ್ಮಂದಿರೇ ಎಂದು ಕೇಳುವಷ್ಟಾಯಿತು. ಹಾಲಮ್ಮಜ್ಜಿ ತೀರಿಹೋದಳು. ದಾಕ್ಷಾಯಣಿ ಲಂಗ ದಾವಣಿ ಉಡುವಷ್ಟು ದೊಡ್ಡವಳಾದಳು.

ಆ ವರ್ಷ ಮರುಳಸಿದ್ದನಿಗೆ ಕಾಮಾಲೆ ಹಿಡಿಯಿತು. ನಾಟಿ ಔಷಧಿ ಕೊಟ್ಟರು, ಪಥ್ಯ ಮಾಡಿಸಿದರು, ಪೇಟೆಯ ಡಾಕ್ಟರನ್ನೂ ಕರೆತಂದರು. ಕಣ್ಣಿನ ಹಳದಿ ಇಳಿಯಲಿಲ್ಲ. ನಾನು ದಿನವೂ ಉಪ್ಪಿಲ್ಲದ ಗಂಜಿ ಮಾಡಿ ತೆಗೆದುಕೊಂಡು ಹೋಗುತ್ತಿದ್ದೆ. ಅವನ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ಕುಡಿಸುವಾಗ ನನ್ನದೇ ಮುಖ ನನ್ನ ಕೈಯಲ್ಲಿ ಬಾಡುತ್ತಿತ್ತು. ನೋಡಲು ಬಂದವರೆಲ್ಲ ಅವನಿಗೆ ಒಂದೇ ಸಮಾಧಾನ ಹೇಳುತ್ತಿದ್ದರು: ನಿನಗೇನು ಚಿಂತೆ, ಹಿಂಬಂದವನು ಗಟ್ಟಿಮುಟ್ಟಾಗಿದ್ದಾನೆ, ನೀನೆಲ್ಲಿಗೆ ಹೋಗ್ತೀಯ?

ಒಂದು ದಿನ ಅವರೆಲ್ಲ ಹೋದ ಮೇಲೆ ಅವನು ನನ್ನ ಕೈ ಹಿಡಿದುಕೊಂಡ. "ನೀನಿದ್ದೀಯ, ಅದಕ್ಕೆ ನಾನು ಹೋಗಲ್ಲ ಅಂತಾರೆ ಎಲ್ರೂ. ನಾನೂ ಹಂಗೇ ಅಂದ್ಕಂಡು ಧೈರ್ಯ ತಗಳ್ಳೋಣ ಅಂತ ನೋಡ್ದೆ. ಆಗ್ಲಿಲ್ಲ ಕಣೋ. ಹೋಗೋದು ನಾನೇ."

"ಹಂಗೆಲ್ಲ ಮಾತಾಡ್ಬ್ಯಾಡ" ಅಂದೆ. ಆಮೇಲೆ ತಡೆಯಲಾರದೆ, "ಈ ಮನೇಲಿ ಕಳೆದಿದ್ದೆಲ್ಲ ಒಂದಿಷ್ಟು ಹೇಳು. ದಾಕ್ಷಿ ಬೆಳೆದಿದ್ದು, ನೀವಿಬ್ರೂ ಇದ್ದಿದ್ದು. ನಾನು ಇಟ್ಕಂತೀನಿ" ಅಂದೆ.

ಅವನು ಸೂರಿನ ಕಡೆ ಕಣ್ಣು ತಿರುಗಿಸಿದ. ಅವನ ಮನಸ್ಸಿನಲ್ಲಿ ಏನು ಓಡುತ್ತಿದೆಯೆಂದು ಒಂದು ಕಾಲದಲ್ಲಿ ನನಗೆ ತಾನಾಗಿ ತಿಳಿಯುತ್ತಿತ್ತು. ಆ ಹೊತ್ತು ಏನೂ ತಿಳಿಯಲಿಲ್ಲ.

"ಬ್ಯಾಡ" ಅಂದ. "ಮಿಕ್ಕಿದ್ದೆಲ್ಲ ನಿನಗೂ ಐತೆ. ಇದೊಂದಾದ್ರೂ ನಂದೇ ಆಗಿರ್ಲಿ."

ಅವನು ತೀರಿಕೊಂಡದ್ದು ಹೊತ್ತು ಏರುವ ಸಮಯದಲ್ಲಿ. ಸುದ್ದಿ ಬಂದಾಗ ಛತ್ರದಲ್ಲಿ ಅನ್ನ ಬಸಿಯುತ್ತಿದ್ದೆ. ಹಾಗೇ ಬಿಟ್ಟು ಓಡಿದೆ. ಅಂಗಳದ ತುಂಬ ಜನ ನೆರೆದಿದ್ದರು, ಆದರೆ ಯಾರ ಮುಖದಲ್ಲೂ ಸೂತಕವಿರಲಿಲ್ಲ. ನಾನು ಬರುತ್ತಲೇ ದಾರಿ ಬಿಟ್ಟರು. ಊರ ಯಜಮಾನ ಬಸವಂತಪ್ಪ ಬಾಗಿಲಲ್ಲಿ ನಿಂತು, "ಒಳಗೆ ಬಾ ಮರುಳಸಿದ್ದ" ಎಂದು ನನ್ನನ್ನು ಕರೆದ.

ಅದು ನಮ್ಮೂರ ಕಟ್ಟಳೆಯ ಇನ್ನೊಂದು ಅರ್ಧ. ಮುಂಬಂದವರು ತೀರಿಕೊಂಡರೆ ಹಿಂಬಂದವರು ಮನೆ ತುಂಬುತ್ತಾರೆ. ಹೆಸರು, ಸಂಸಾರ ಎಲ್ಲ ಅವರಿಗೆ ಮರಳುತ್ತದೆ. ಆ ಮನೆಯಲ್ಲಿ ಸಾವಾಯಿತೆಂದು ಯಾರೂ ಹೇಳುವುದಿಲ್ಲ. ಹೆಣವನ್ನು ಹಿತ್ತಿಲ ಬಾಗಿಲಿಂದ ಒಯ್ಯುತ್ತಾರೆ. ಬೇರೆಯವರು ಸತ್ತರೆ ಮಣ್ಣು ಕೊಡುವಾಗ ಹತ್ತಿರದ ಒಬ್ಬರು ಗುಂಡಿಯ ಅಂಚಿನಲ್ಲಿ ನಿಂತು ಅವರ ಹೆಸರನ್ನು ಕೊನೆಯ ಸಲ ಕೂಗುತ್ತಾರೆ. ಇಂಥವರಿಗೆ ಅದೂ ಇಲ್ಲ. ಹೆಸರು ಬದುಕಿದೆಯಲ್ಲ, ಕೂಗುವುದು ಯಾರನ್ನು? ಹೆಂಡತಿಯ ಕುಂಕುಮ ಉಳಿಯುತ್ತದೆ, ಮಕ್ಕಳ ತಲೆಯ ಮೇಲೆ ತಂದೆಯ ನೆರಳು ಉಳಿಯುತ್ತದೆ. ಊರವರು ಇದನ್ನು ದೊಡ್ಡ ಪುಣ್ಯವೆಂದೇ ತಿಳಿಯುತ್ತಾರೆ.

ಅವ್ವ ಅವನ ಕಾಲ ಹತ್ತಿರ ಕೂತು ಅಳುತ್ತಿದ್ದಳು. ಯಾರೋ ಒಬ್ಬಳು ಅವಳ ಕಣ್ಣೊರೆಸಿ, "ಯಾಕಳ್ತೀಯವ್ವ, ನಿನ್ನ ಮಗ ಅಲ್ಲೇ ನಿಂತವನೆ ನೋಡು" ಅಂದಳು. ಅವ್ವ ಅವಳ ಕೈಯನ್ನು ತಳ್ಳಿದಳು. "ನಿಂತಿರೋನೂ ನನ್ನ ಮಗ, ಮಲಗಿರೋನೂ ನನ್ನ ಮಗ. ಒಬ್ಬನ್ನ ತೋರ್ಸಿ ಇನ್ನೊಬ್ಬನ ಬಾಯಿ ಮುಚ್ಚಿಸ್ಬ್ಯಾಡ್ರಿ" ಅಂದಳು. ದಾಕ್ಷಾಯಣಿ ಕಂಬಕ್ಕೆ ಆತುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಚಿಕ್ಕಪ್ಪನೋ ಅಪ್ಪನೋ ಎಂದು ಆ ಗಳಿಗೆಯಲ್ಲಿ ಅವಳಿಗೆ ತಿಳಿಯುತ್ತಿರಲಿಲ್ಲ. ಹೊಸಿಲು ನನ್ನ ಕಾಲಿನ ಮುಂದೆಯೇ ಇತ್ತು. ಅದನ್ನು ದಾಟುವ ಕನಸು ಎಷ್ಟು ವರ್ಷ ಕಂಡಿದ್ದೆನೋ. ಈಗ ದಾಟಿದರೆ ಯಾರಿಗೂ ಅನ್ಯಾಯವಾಗುವಂತಿರಲಿಲ್ಲ. ನಡುಮನೆಯಲ್ಲಿ ಮಲಗಿದ್ದ ಒಬ್ಬನನ್ನು ಬಿಟ್ಟು.

"ಮೊದ್ಲು ಅವಳನ್ನ ಕೇಳ್ಬೇಕು" ಅಂದೆ ಬಸವಂತಪ್ಪನಿಗೆ.

"ಕೇಳೋದೇನೈತೋ ಇದ್ರಲ್ಲಿ?" ಅಂದ.

ಪಕ್ಕದ ಸಂದಿಯಿಂದ ಹಿತ್ತಿಲಿಗೆ ಸುತ್ತಿ ಹೋದೆ. ಸರ್ವಮಂಗಳ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಕಣ್ಣು ಒಣಗಿತ್ತು. ಹಣೆಯಲ್ಲಿ ಕುಂಕುಮ ಇತ್ತು. ಹೆಂಗಸರು ಆಗತಾನೆ ದೊಡ್ಡದಾಗಿ ಇಟ್ಟಿದ್ದರು.

"ಅತ್ತಿಗೆ" ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. "ನೀವು ಏನಂತೀರೋ ಹಂಗೆ. ಇವತ್ತಾದ್ರೂ ನಿಮ್ಮನ್ನ ಕೇಳಿ ಮಾಡಣ ಅಂತ ಬಂದೆ."

ಅವಳು ಅಂಗಳದ ಗದ್ದಲದ ಕಡೆ ಕೈ ತೋರಿದಳು. "ಎಲ್ರೂ ನನ್ನ ಪುಣ್ಯವಂತೆ ಅಂತಿದ್ದಾರೆ. ಬಳೆ ಇರ್ತೈತೆ, ಹೂವ ಇರ್ತೈತೆ, ಮಗಳ ಮದ್ವೇಲಿ ಮುಂದೆ ನಿಲ್ಲಬೋದು ಅಂತ. ನಂಗೆ ಅಳ್ಬೇಕು ಇಂದುಧರಪ್ಪ. ಬೆಳಗಿಂದ ಎದೆಯಾಗೆ ಕಟ್ಕಂಡು ಕೂತೈತೆ. ನೀವು ಆ ಹೆಸ್ರು ತಗಂಡು ಮುಂಬಾಗ್ಲಿಂದ ಒಳಗೆ ಬಂದ್ರೆ ನಾನು ಯಾರಿಗೋಸ್ಕರ ಅಂತ ಅಳ್ಲಿ?"

"ಕುಂಕುಮ?" ಅಂದೆ. ಅದನ್ನು ಕೇಳಲೇಬೇಕಿತ್ತು.

"ಹೋಗ್ಲಿ. ಅವರು ಇದ್ರು, ಈಗಿಲ್ಲ ಅಂತ ಊರಿಗೆ ಇನ್ನು ಹೆಂಗೆ ಗೊತ್ತಾಗ್ಬೇಕು?"

ಅಂಗಳಕ್ಕೆ ಬಂದು, ನಾನು ಮನೆ ತುಂಬುವುದಿಲ್ಲ ಎಂದೆ. ಜನ ಸಿಟ್ಟಾದರು. ಹೆಣ್ಣುಮಗಳನ್ನು ಬೇಕೆಂದೇ ವಿಧವೆ ಮಾಡುತ್ತೀಯಾ ಎಂದರು. ಇಂಥದ್ದು ಹಿಂದೆ ಆಗಿಲ್ಲ ಎಂದರು. ಬಸವಂತಪ್ಪ ನನ್ನ ರಟ್ಟೆ ಹಿಡಿದು, "ಹುಚ್ಚೇನೋ ನಿಂಗೆ? ಅವನು ನೀನೇ ಅಲ್ವೇನೋ?" ಅಂದ.

"ಅರಳಿಮರದ ತನಕ ನಾನೇ. ಅಲ್ಲಿಂದ ಈಚೆಗೆ ಅವನು ಬದುಕಿದ್ದು ಅವನೊಬ್ಬನದೇ. ನಂಗೆ ಅದು ಗೊತ್ತಿಲ್ಲ, ಅವನು ಹೇಳ್ಲೂ ಇಲ್ಲ. ಅಷ್ಟು ಬಾಳಿದೋನನ್ನ ಹಿತ್ತಿಲ ಬಾಗ್ಲಿಂದ ಕಳಿಸಾಕೆ ನನ್ನ ಕೈಲಾಗಲ್ಲ."

ಕೊನೆಗೆ ಅವ್ವನೇ ಎದ್ದು ಬಂದು ಬಸವಂತಪ್ಪನ ಎದುರು ನಿಂತಳು. ಅವನು ರಟ್ಟೆ ಬಿಟ್ಟ. ಮರುಳಸಿದ್ದನನ್ನು ಮುಂಬಾಗಿಲಿಂದ ಹೊರಗೆ ತಂದೆವು. ಮಣ್ಣು ಕೊಡುವಾಗ ಹೆಸರು ಕೂಗುವವರು ಯಾರೆಂದು ಜನ ಮುಖ ಮುಖ ನೋಡಿಕೊಂಡರು. ತಮ್ಮನೆಂದು ನಾನೇ ಅಂಚಿಗೆ ಹೋದೆ. "ಮರುಳಸಿದ್ದಾ" ಎಂದು ಗುಡ್ಡಕ್ಕೆ ಮುಟ್ಟುವ ಹಾಗೆ ಕೂಗಿದೆ. ಹುಟ್ಟಿದಾಗಿನಿಂದ ನನ್ನನ್ನು ಕರೆದಿದ್ದ ಹೆಸರು ಅದು. ಕೂಗಿದ ಮೇಲೆ ಒಂದು ಗಳಿಗೆ ಕಾದೆ. ನನ್ನೊಳಗಿನಿಂದ ಯಾರೂ ಓಗೊಡಲಿಲ್ಲ. ಹಿಂದೆ ಹೆಂಗಸರ ಗುಂಪಿನಲ್ಲಿ ಸರ್ವಮಂಗಳ ಗಟ್ಟಿಯಾಗಿ ಅಳತೊಡಗಿದಳು.

ಇದಾದ ಮೇಲೆ ಊರವರು ಬಹಳ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಕೆಲವರು ಈಗಲೂ ಮಾತಾಡುವುದಿಲ್ಲ. ಸರ್ವಮಂಗಳ ಒಬ್ಬಳೇ ಮಗಳನ್ನು ಓದಿಸಿದಳು. ಹೂವಿಲ್ಲದ ತಲೆಯನ್ನು ಅವಳು ಎಲ್ಲಿಯೂ ತಗ್ಗಿಸಲಿಲ್ಲ. ನಾನು ನೆಂಟರು ಮಾಡುವಷ್ಟು ಸಹಾಯ ಮಾಡಿದೆ, ಮಳೆಗಾಲಕ್ಕೆ ಮುಂಚೆ ಸೂರಿನ ಹೆಂಚು ಸರಿಮಾಡುವುದು, ಅವ್ವನನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು, ಹೀಗೆ.

ಅವ್ವನೂ ಹೋದ ಮೇಲೆ, ದಾಕ್ಷಾಯಣಿ ಮದುವೆಯಾಗಿ ಗಂಡನ ಮನೆ ಸೇರಿದ ಮೇಲೆ, ಒಂದು ಮಧ್ಯಾಹ್ನ ಸರ್ವಮಂಗಳ ತೊರೆ ದಾಟಿ ಬಂದಳು. ಅಲ್ಲಿಯತನಕ ಅವಳು ಈ ದಡಕ್ಕೆ ಕಾಲಿಟ್ಟಿರಲಿಲ್ಲ. ಜಗಲಿಯ ಮೇಲೆ ಕೂತು ಗೋಡೆ, ಒಲೆ, ಗೂಟಕ್ಕೆ ತೂಗುಹಾಕಿದ್ದ ನನ್ನ ಅಂಗಿ ಎಲ್ಲವನ್ನೂ ನೋಡಿದಳು. ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟಳು.

"ನಿಮ್ಮ ಬಗ್ಗೆ ನಂಗೆಲ್ಲಾ ಗೊತ್ತು ಅಂದ್ಕಂಡಿದ್ದೆ" ಅಂದಳು. "ಇಲ್ಲಿ ಕೂತ್ರೆ ಏನೂ ಗೊತ್ತಿಲ್ಲ ಅನ್ನಿಸ್ತೈತೆ. ಇಷ್ಟು ವರ್ಷ ಇಲ್ಲಿ ಒಬ್ರೇ ಹೆಂಗಿದ್ರಿ?"

ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ.

"ಒಬ್ಬನಿಗೆ ಅಡುಗೆ ಮಾಡಾಕೆ ನಂಗೆ ಬರ್ತಿರ್ಲಿಲ್ಲ" ಅಂದೆ. "ಮದ್ವೆಮನೆ ಅಳತೆ ಕೈಯಿಗೆ ಕೂತಿತ್ತಲ್ಲ. ಮೊದಲ್ನೇ ದಿನ ಎಷ್ಟು ಅಕ್ಕಿ ಹಾಕ್ಬೇಕು ಅಂತ ತಿಳೀದೆ ಡಬರಿ ಉಕ್ಕಿ ಒಲೆ ಆರಿಹೋಯ್ತು. ಆ ಅನ್ನನ ಏನ್ ಮಾಡ್ಲಿ ಅಂತ ತೊರೆ ದಂಡೇಲಿ ಹೋಗ್ತಿದ್ದ ಕುರಿಗಾರರನ್ನ ಕೂಗಿ ಕರೆದೆ."

"ಹೂಂ" ಅಂದಳು. "ಆಮೇಲೆ?"

ಸೆರಗು ಸರಿಮಾಡಿಕೊಂಡು, ಕಂಬಕ್ಕೊರಗಿ, ಪರಸ್ಥಳದವರ ಕಥೆ ಕೇಳುವವಳ ಹಾಗೆ ಕೂತಳು. ನಾನು ಹೇಳತೊಡಗಿದೆ.